ಪೊರೆಗಣ್ಣಿಗೆ ಅಗ್ಗದ ಮಸೂರ: ಮಧುರೈ, ಕಾಠ್ಮಂಡು ತೋರಿದ ದಾರಿ

ಕಣ್ಣಿನ ಪೊರೆ ಅಥವಾ ಮೋತಿಬಿಂದು ಜಗತ್ತಿನಲ್ಲಿ ಅಂಧತ್ವಕ್ಕೆ ಅತಿ ಮುಖ್ಯ ಕಾರಣವಾಗಿದೆ. 2020ರಲ್ಲಿ 50 ವರ್ಷ ಮತ್ತು ಮೇಲ್ಪಟ್ಟ 3.36 ಕೋಟಿ ಅಂಧರ ಪೈಕಿ 1.52 ಕೋಟಿ ಮಂದಿ ಪೊರೆಯಿಂದಲೇ ದೃಷ್ಟಿ ಕಳೆದುಕೊಂಡವರೆಂದು ಅಂದಾಜಿಸಲಾಗಿದೆ. ಇವರಲ್ಲಿ ಬಹುತೇಕರು ಬಡ ಹಾಗೂ ಮಧ್ಯಮ ಆದಾಯದ ರಾಷ್ಟ್ರಗಳವರು.

ಪೊರೆ ಎಂದರೇನು?

ಕಣ್ಣಿನೊಳಗಿನ ಪಾರದರ್ಶಕ ಮಸೂರದ ಪ್ರೋಟೀನುಗಳು ಗಟ್ಟಿಗೊಂಡು ಮಬ್ಬಾಗುವುದೇ ಪೊರೆ. ವೃದ್ಧಾಪ್ಯ ಇದಕ್ಕೆ ಪ್ರಧಾನ ಕಾರಣ. ಮಧುಮೇಹ, ಧೂಮಪಾನ, ಕಣ್ಣಿಗೆ ಬಿದ್ದ ಪೆಟ್ಟು, ಸ್ಟಿರಾಯ್ಡ್ ಔಷಧಗಳ ದೀರ್ಘ ಬಳಕೆಯಿಂದಲೂ ಪೊರೆ ಬರಬಹುದು. ಇದು ಹನಿ ಔಷಧದಿಂದ ಕರಗದು, ಶಸ್ತ್ರಚಿಕಿತ್ಸೆಯೊಂದೇ ಪರಿಹಾರ.

ದಪ್ಪ ಕನ್ನಡಕದ ಕಾಲ

ಬೀಳಗಿಯಲ್ಲಿ ಜನಿಸಿದ ಡಾ. ಎಂ.ಸಿ. ಮೋದಿ ಊರೂರು ಸುತ್ತಿ, ಶಿಬಿರಗಳಲ್ಲಿ ಲಕ್ಷಾಂತರ ಜನರಿಗೆ ನೇತ್ರ ಶಸ್ತ್ರಚಿಕಿತ್ಸೆ ಮಾಡಿದರು. ಆ ದಿನಗಳಲ್ಲಿ ಪೊರೆಗಟ್ಟಿದ ಮಸೂರವನ್ನು ತೆಗೆದು ದಪ್ಪ ಕನ್ನಡಕ ಕೊಡುವುದು ರೂಢಿಯಾಗಿತ್ತು. ಕನ್ನಡಕ ಒಡೆದರೆ ಬಡವನಿಗೆ ಮತ್ತೆ ಕತ್ತಲೆಯೇ ಗತಿ. ಲಂಡನ್ನಿನಲ್ಲಿ 1949ರಲ್ಲೇ ಹೆರಾಲ್ಡ್ ರಿಡ್ಲಿ ಕೃತಕ ಮಸೂರವನ್ನು ಕಣ್ಣಿನೊಳಗೆ ಅಳವಡಿಸಿದ್ದರೂ ಅದರ ಬೆಲೆ ಬಡ ದೇಶಗಳಿಗೆ ಎಟುಕುವಂತಿರಲಿಲ್ಲ.

ಬೆಲೆ ಇಳಿದ ಬಗೆ

ಡಾ. ಜಿ. ವೆಂಕಟಸ್ವಾಮಿ ನಿವೃತ್ತಿಯ ಬಳಿಕ, 1976ರಲ್ಲಿ, ಮಧುರೈಯಲ್ಲಿ 11 ಹಾಸಿಗೆಗಳ ಅರವಿಂದ ಕಣ್ಣಾಸ್ಪತ್ರೆ ಆರಂಭಿಸಿದರು. ಹಣ ಕೊಡಬಲ್ಲವರ ಶುಲ್ಕದಿಂದಲೇ ಬಡವರಿಗೆ ಉಚಿತ ಚಿಕಿತ್ಸೆ ನೀಡುವುದು ಅಲ್ಲಿನ ಕ್ರಮ. 1992ರಲ್ಲಿ ಅದರ ಅಂಗಸಂಸ್ಥೆ ಅರೋಲ್ಯಾಬ್ ಸ್ಥಳೀಯವಾಗಿ ಮಸೂರ ತಯಾರಿಸತೊಡಗಿತು. ಸುಮಾರು 100 ಡಾಲರ್ ಇದ್ದ ಮಸೂರದ ಬೆಲೆ ಕ್ರಮೇಣ 10 ಡಾಲರಿಗೂ ಕೆಳಗಿಳಿಯಿತು.

ನೇಪಾಳದ ಡಾ. ಸಂದುಕ್ ರುಯಿತ್ 1994ರಲ್ಲಿ ಕಾಠ್ಮಂಡುವಿನಲ್ಲಿ ತಿಲಗಂಗಾ ನೇತ್ರ ಕೇಂದ್ರ ಸ್ಥಾಪಿಸಿದರು. ದುಬಾರಿ ಯಂತ್ರವಿಲ್ಲದೆ, ಕಿರು ಗಾಯದ ಮೂಲಕ, ಹೊಲಿಗೆ ಹಾಕದೆ ಮಸೂರ ಬದಲಿಸುವ ವಿಧಾನವನ್ನು ಅವರು ಬೆಳೆಸಿದರು. ಈ ವಿಧಾನವನ್ನು ಯಂತ್ರಾಧಾರಿತ 'ಫೇಕೋ' ವಿಧಾನದೊಡನೆ ಹೋಲಿಸಿ 2007ರಲ್ಲಿ ಪ್ರಕಟವಾದ ನೇಪಾಳದ ಅಧ್ಯಯನದಲ್ಲಿ, ಆರು ತಿಂಗಳ ನಂತರ ಎರಡೂ ಗುಂಪುಗಳ ಶೇ. 98ರಷ್ಟು ರೋಗಿಗಳು ಉತ್ತಮ ದೃಷ್ಟಿ ಹೊಂದಿದ್ದರು.

ಉಳಿದಿರುವ ತೊಡಕುಗಳು

ಮಸೂರ ಅಗ್ಗವಾದರೂ ಆಸ್ಪತ್ರೆಯ ದೂರ, ಪ್ರಯಾಣ ವೆಚ್ಚ, ಜೊತೆಗೆ ಬರುವವರ ಕೂಲಿ ನಷ್ಟ ಹಾಗೂ ಶಸ್ತ್ರಚಿಕಿತ್ಸೆಯ ಭಯ ಇನ್ನೂ ಅಡ್ಡಿಯಾಗಿವೆ. ಅನೇಕ ಕಡೆ ಮಹಿಳೆಯರಿಗೆ ಚಿಕಿತ್ಸೆ ದೊರೆಯುವುದು ಪುರುಷರಿಗಿಂತ ಕಡಿಮೆ. ಪರಿಣಾಮಕಾರಿ ಪೊರೆ ಶಸ್ತ್ರಚಿಕಿತ್ಸೆಯ ವ್ಯಾಪ್ತಿಯನ್ನು 2030ರೊಳಗೆ ಶೇಕಡಾ 30 ಅಂಶಗಳಷ್ಟು ಹೆಚ್ಚಿಸುವ ಗುರಿಯನ್ನು ವಿಶ್ವ ಆರೋಗ್ಯ ಸಭೆ 2021ರಲ್ಲಿ ಅಂಗೀಕರಿಸಿದೆ. 'ವಯಸ್ಸಾಯಿತು, ಕಣ್ಣು ಹೋಯಿತು' ಎಂದು ಮನೆಯ ಹಿರಿಯರು ಸುಮ್ಮನಾಗುವ ಮುನ್ನ ಅವರ ಕಣ್ಣನ್ನು ಒಮ್ಮೆ ಪರೀಕ್ಷೆ ಮಾಡಿಸುವುದು ಒಳಿತು.