ಸಾವಿನಿಂದ ಹಿಂದಕ್ಕೆ ಎಣಿಸಿದ ವರ್ಷಗಳು

ಮುಪ್ಪಿನಲ್ಲಿ ನೆನಪು ಕೈಕೊಡುವುದಕ್ಕೆ, ಯೋಚನೆ ನಿಧಾನವಾಗುವುದಕ್ಕೆ ವಯಸ್ಸೇ ಕಾರಣವೆಂದು ವಿಜ್ಞಾನಿಗಳೂ ಬಹುಕಾಲ ನಂಬಿದ್ದರು. ಮೂವತ್ತರವರಿಗೂ ಎಪ್ಪತ್ತರವರಿಗೂ ಒಂದೇ ಪರೀಕ್ಷೆ ಕೊಟ್ಟು ಸರಾಸರಿ ತೆಗೆದರೆ ಗೆರೆ ಕೆಳಗಿಳಿಯುತ್ತಿತ್ತು, ಪ್ರಶ್ನೆ ಅಲ್ಲಿಗೆ ಮುಗಿಯುತ್ತಿತ್ತು. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಕ್ಲೀಮಿಯರ್ ಸರಾಸರಿಯನ್ನು ಬಿಟ್ಟು ಒಬ್ಬೊಬ್ಬರನ್ನೇ ನೋಡಿದರು. ಹನ್ನೆರಡು ವರ್ಷಗಳ ಅವಧಿಯಲ್ಲಿ ಫ್ಲಾರಿಡಾದ 13 ಮಂದಿ ವೃದ್ಧರನ್ನು ನಾಲ್ಕು ಸಲ ಪರೀಕ್ಷಿಸಿದರು. ಕೊನೆಯ ಪರೀಕ್ಷೆಯ ನಂತರ ತೀರಿಕೊಂಡವರ ಅಂಕಗಳು ಬದುಕಿದ್ದವರದಕ್ಕಿಂತ ವೇಗವಾಗಿ ಕುಸಿದಿದ್ದವು. ಹುಟ್ಟಿ ಎಷ್ಟು ವರ್ಷವಾಯಿತು ಎಂಬುದಕ್ಕಿಂತ ಸಾವಿಗೆ ಎಷ್ಟು ವರ್ಷ ಉಳಿದಿದೆ ಎಂಬುದೇ ಈ ಕುಸಿತವನ್ನು ಚೆನ್ನಾಗಿ ವಿವರಿಸಬಹುದೆಂದು 1962ರಲ್ಲಿ ಅವರು ಹೇಳಿದರು. ಹದಿಮೂರು ಜನರ ಮೇಲೆ ನಿಂತ ಮಾತು ಅದು. ಆದರೂ ಸಾವಿನ ಸಮೀಪದ ಕುಸಿತವನ್ನು ಅಳೆಯುವ ಈ ಕ್ಷೇತ್ರ ಹುಟ್ಟಿದ್ದು ಅಲ್ಲಿಂದಲೇ.

ಅದಕ್ಕೆ ತರ್ಕದ ಬಲ ಕೊಟ್ಟವರು ಕ್ಲಾಸ್ ಮತ್ತು ರೂತ್ ರೀಗಲ್ ದಂಪತಿ. 1956ರಲ್ಲಿ ಜರ್ಮನಿಯಲ್ಲಿ ಪರೀಕ್ಷಿಸಿದ್ದ ಹಿರಿಯರನ್ನು ಐದೈದು ವರ್ಷಕ್ಕೊಮ್ಮೆ ಮತ್ತೆ ಹುಡುಕಿದಾಗ, ಈ ನಡುವೆ ತೀರಿಕೊಂಡವರು ಮೊದಲ ಪರೀಕ್ಷೆಯಲ್ಲೇ ಹಿಂದಿದ್ದರೆಂದು ತಿಳಿಯಿತು. 1972ರ ಲೇಖನದಲ್ಲಿ ಅವರು ಎತ್ತಿದ ಅಂಶ ಇಂದಿಗೂ ನನಗೆ ಈ ಕ್ಷೇತ್ರದ ಅತ್ಯಂತ ಹರಿತವಾದ ವಾದ. ಐವತ್ತೈದರ ನೂರು ಜನರಲ್ಲಿ ಸಾವಿಗೆ ಹತ್ತಿರವಿರುವವರು ಕೆಲವರು ಮಾತ್ರ, ಎಂಬತ್ತರ ನೂರು ಜನರಲ್ಲಿ ಹಲವರು. ಗುಂಪಿನ ಸರಾಸರಿ ಇಳಿಯಲು ಅಷ್ಟೇ ಸಾಕು, ಉಳಿದವರ ಬುದ್ಧಿ ಒಂದಿಷ್ಟೂ ಮಾಸಿರಬೇಕಿಲ್ಲ. ನಾವು ಮುಪ್ಪು ಎಂದು ಓದುತ್ತಿದ್ದ ಗೆರೆಯ ಒಂದು ಪಾಲು ಸಾವಿನ ಸಮೀಪದ ಗೆರೆಯಾಗಿತ್ತು.

ಮುಂದಿನ ಎರಡು ದಶಕಗಳಲ್ಲಿ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಗುಂಪುಗಳು ಚಿಕ್ಕವು, ಪರೀಕ್ಷೆಗಳ ನಡುವಿನ ಅಂತರ ದೊಡ್ಡದು. ಕುಸಿತ ಯಾವಾಗ ಶುರುವಾಯಿತೆಂದು ತಿಳಿಯಲು ಒಬ್ಬರನ್ನೇ ವರ್ಷ ವರ್ಷ ನೋಡಬೇಕು. ಅದು ಸಾಧ್ಯವಾದದ್ದು 1994ರಲ್ಲಿ ಶಿಕಾಗೊದ ರಶ್ ಸಂಸ್ಥೆ ಆರಂಭಿಸಿದ ಅಧ್ಯಯನದಲ್ಲಿ. ಕ್ಯಾಥೊಲಿಕ್ ಸನ್ಯಾಸಿನಿಯರು, ಪಾದ್ರಿಗಳು ಪ್ರತಿವರ್ಷ ಪರೀಕ್ಷೆಗೆ ಕೂರಲು ಒಪ್ಪಿದರು, ಸತ್ತ ಮೇಲೆ ಮೆದುಳನ್ನೂ ಕೊಡಲು ಒಪ್ಪಿದರು. ಇಷ್ಟು ದೊಡ್ಡ ಮನಸ್ಸಿನ ದಾನವಿಲ್ಲದೆ ಈ ವಿಜ್ಞಾನ ಒಂದು ಹೆಜ್ಜೆಯೂ ಮುಂದೆ ಹೋಗುತ್ತಿರಲಿಲ್ಲ. ಸಾವಿಗೆ ಸರಾಸರಿ ಮೂರೂವರೆ ವರ್ಷ ಮೊದಲು ಕುಸಿತ ತೀವ್ರವಾಗುತ್ತದೆ, ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ವ್ಯತ್ಯಾಸವಿದೆ ಎಂದು 2003ರಲ್ಲಿ ರಾಬರ್ಟ್ ವಿಲ್ಸನ್ ತಂಡ ವರದಿ ಮಾಡಿತು. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಡಿಮೆನ್ಶಿಯಾ ಇಲ್ಲದ ಹಿರಿಯರ ದಾಖಲೆಗಳು 2008ರಲ್ಲಿ ಇನ್ನೂ ಸೂಕ್ಷ್ಮ ಚಿತ್ರ ಕೊಟ್ಟವು. ಭಾಷಾ ಸಾಮರ್ಥ್ಯ ಸಾವಿಗೆ 6.6 ವರ್ಷ ಮೊದಲು ಇಳಿಯತೊಡಗಿದರೆ, ಕಂಡದ್ದನ್ನು ಬೇಗ ಗ್ರಹಿಸುವ ವೇಗ 14.8 ವರ್ಷ ಮೊದಲೇ ತಗ್ಗತೊಡಗಿತ್ತು. ಮಾತು ಚೆನ್ನಾಗಿದೆ ಎಂದು ಮನೆಯವರು ನೆಮ್ಮದಿಯಿಂದಿರುವಾಗಲೇ ಬೇರೆ ಶಕ್ತಿಗಳು ಸೋರುತ್ತಿರಬಹುದು.

ಕಾರಣವೇನು? ಹೃದಯ, ರಕ್ತನಾಳ, ಸಕ್ಕರೆ ಕಾಯಿಲೆಗಳು ಮೆದುಳನ್ನೂ ದೇಹವನ್ನೂ ಒಟ್ಟಿಗೆ ಸವೆಸುತ್ತವೆ. ಇನ್ನೂ ಪತ್ತೆಯಾಗದ ಡಿಮೆನ್ಶಿಯಾ ಕೂಡ ಆ ಅಂಕಗಳಲ್ಲಿ ಅಡಗಿರುತ್ತದೆ. ಆದರೆ ರಶ್ ತಂಡವೇ ದಾನವಾಗಿ ಬಂದ ಮೆದುಳುಗಳನ್ನು ಪರೀಕ್ಷಿಸಿದಾಗ, ಆಲ್ಝೈಮರ್ ಮುಂತಾದ ಸಾಮಾನ್ಯ ರೋಗಗಳ ಗುರುತುಗಳು ಕುಸಿತದ ಅರ್ಧಭಾಗವನ್ನೂ ವಿವರಿಸಲಿಲ್ಲ.

ಸ್ಕಾಟ್ಲೆಂಡಿನಿಂದ ಬಂದ ಸುದ್ದಿ ಪ್ರಶ್ನೆಯನ್ನೇ ತಿರುಗಿಸಿತು. 1932ರ ಜೂನ್ 1ರಂದು ಅಲ್ಲಿನ ಹನ್ನೊಂದು ವರ್ಷದ ಶಾಲಾಮಕ್ಕಳಿಗೆ ಬುದ್ಧಿಶಕ್ತಿ ಪರೀಕ್ಷೆ ನಡೆದಿತ್ತು. ಲಾರೆನ್ಸ್ ವ್ಹಾಲಿ ಮತ್ತು ಇಯಾನ್ ಡಿಯರಿ ಅಬರ್ಡೀನಿನ 2,792 ಮಕ್ಕಳ ಪಟ್ಟಿ ಹಿಡಿದು, 76ನೇ ವಯಸ್ಸಿಗೆ ಯಾರು ಬದುಕಿದ್ದರೆಂದು ಹುಡುಕಿದರು. ಬಾಲ್ಯದಲ್ಲಿ 15 ಅಂಕ ಹಿಂದಿದ್ದವರು ಆ ವಯಸ್ಸನ್ನು ಮುಟ್ಟುವ ಸಾಧ್ಯತೆ ಸುಮಾರು ಐದನೇ ಒಂದು ಪಾಲು ಕಡಿಮೆಯಿತ್ತು. 2001ರ ಈ ಲೇಖನದ ನಂತರ, ಮುಪ್ಪಿನ ಕಡಿಮೆ ಅಂಕವನ್ನು ಕಂಡೊಡನೆ ಕುಸಿತ ಎನ್ನುವಂತಿಲ್ಲ. ಅದು ಬಡತನದ, ಪೋಷಣೆಯ, ಶಾಲೆಯ ಹಳೆಯ ಲೆಕ್ಕವೂ ಆಗಿರಬಹುದು.

ನಮ್ಮಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಓದಲು ಬರೆಯಲು ಬಾರದ ಅಜ್ಜಿಗೆ ವಾಕ್ಯ ಬರೆಯಿರಿ ಎನ್ನುವ ಪರೀಕ್ಷೆ ಅಳೆಯುವುದು ಅವರಿಗೆ ಸಿಗದ ಶಾಲೆಯನ್ನು. ಹರಿಯಾಣದ ಬಲ್ಲಭಗಢದಲ್ಲಿ ಅಕ್ಷರ ಬಾರದವರಿಗೂ ಹೊಂದುವ ಹಿಂದಿ ಪರೀಕ್ಷೆ ರೂಪುಗೊಂಡದ್ದು ಇದೇ ಕಾರಣಕ್ಕೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 45 ದಾಟಿದ ಹಳ್ಳಿಗರನ್ನು ವರ್ಷಗಳ ಕಾಲ ಹಿಂಬಾಲಿಸುತ್ತಿದೆ. ಹತ್ತು ಸಾವಿರ ಜನರನ್ನು ಸೇರಿಸಿಕೊಳ್ಳುವುದು ಅದರ ಗುರಿ.

ನಮ್ಮ ಹಳ್ಳಿಯ ಹಿರಿಯರಲ್ಲಿ ಎಷ್ಟೋ ಜನರಿಗೆ ತಮ್ಮ ಹುಟ್ಟಿದ ವರ್ಷ ಅಂದಾಜಿನದು, ಯಾವುದೋ ಬರಗಾಲಕ್ಕೋ ಜಾತ್ರೆಗೋ ತಗುಲಿಸಿಕೊಂಡದ್ದು. ಸಾವಿನ ದಿನ ಮಾತ್ರ ಮನೆಯವರಿಗೆ ಖಚಿತವಾಗಿ ಗೊತ್ತಿರುತ್ತದೆ. ಹಾಗಾಗಿ ಕ್ಲೀಮಿಯರ್ ತೋರಿಸಿದ ಹಿಮ್ಮುಖ ಎಣಿಕೆ ಫ್ಲಾರಿಡಾ, ಶಿಕಾಗೊಗಳಿಗಿಂತ ಇಲ್ಲಿಯೇ ಹೆಚ್ಚು ಹೊಂದುತ್ತದೆಂದು ನನಗನಿಸುತ್ತದೆ. ತೊಡಕಿರುವುದು ಸಾವಿನ ಕಾರಣದಲ್ಲಿ. ನೋಂದಣಿಯಾಗುವ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸುವುದು ಸುಮಾರು ಐದರಲ್ಲಿ ಒಂದಕ್ಕೆ ಮಾತ್ರ. ಉಳಿದವು ‘ವಯಸ್ಸಾಗಿತ್ತು’ ಎಂಬ ಮಾತಿನಲ್ಲೇ ಮುಗಿದುಹೋಗುತ್ತವೆ. ಮನೆಮನೆಗೆ ಹೋಗಿ ಕೊನೆಯ ತಿಂಗಳುಗಳ ವಿವರ ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ಹಣವೂ ಜನರೂ ಮೊದಲು ಸಿಗಬೇಕು.