ಸ್ತಂಭತೀರ್ಥ ವೇಲಾಕೂಲ: ಖಂಭಾತ ಕೊಲ್ಲಿಯ ಪಟ್ಟಣಗಳೂ ಓಲೆಗರಿಯ ಸಾಕ್ಷ್ಯವೂ

ಗುಜರಾತಿನ ಖಂಭಾತ ನಗರದ ಶಾಂತಿನಾಥ ಜೈನ ಗ್ರಂಥಭಂಡಾರದಲ್ಲಿ ಉದಯಪ್ರಭಸೂರಿಗಳ ‘ಧರ್ಮಾಭ್ಯುದಯ’ ಮಹಾಕಾವ್ಯದ ಓಲೆಪ್ರತಿಯೊಂದಿದೆ. ಅದರ ಕಾಲ ವಿಕ್ರಮ ಸಂವತ್ 1290, ಎಂದರೆ ಸುಮಾರು ಕ್ರಿ. ಶ. 1233–34. ಸ್ತಂಭತೀರ್ಥ ವೇಲಾಕೂಲವನ್ನು ಪಾಲಿಸುತ್ತಿದ್ದ ವಸ್ತುಪಾಲನಿಂದ ಈ ಪುಸ್ತಕವು ಬರೆಯಲ್ಪಟ್ಟಿತೆಂದು ಅದರ ಪುಷ್ಪಿಕೆ ತಿಳಿಸುತ್ತದೆ. ಕ್ರಿಯಾಪದವು ಕರ್ಮಣಿ ಪ್ರಯೋಗದಲ್ಲಿರುವುದರಿಂದ, ಬರೆದವನು ಅಮಾತ್ಯನೋ ಅವನ ಅಪ್ಪಣೆಯನ್ನು ಹೊತ್ತ ಲಿಪಿಕಾರನೋ ಎಂಬ ಸಂದೇಹಕ್ಕೆ ಎಡೆಯುಂಟು. ಆದರೂ ಇದು ವಸ್ತುಪಾಲನ ಸ್ವಹಸ್ತಾಕ್ಷರವೆಂಬ ಅಭಿಪ್ರಾಯವೇ ವಿದ್ವಾಂಸರಲ್ಲಿ ಪ್ರಚಲಿತವಾಗಿದೆ. ಪ್ರಸ್ತುತ ವಿಷಯಕ್ಕೆ ಅದಕ್ಕಿಂತಲೂ ಮುಖ್ಯವಾದುದು ‘ವೇಲಾಕೂಲ’ವೆಂಬ ಪದ. ಬಂದರು ಎಂಬುದು ಅದರ ರೂಢಾರ್ಥ. ‘ವೇಲಾ’ ಎಂಬುದಕ್ಕೆ ಕಡಲ ಎಲ್ಲೆ ಎಂಬಂತೆಯೇ ಉಬ್ಬರ ಎಂಬ ಅರ್ಥವೂ ಇದೆ. ಉಬ್ಬರದ ನೀರು ಮುಟ್ಟುವ ದಡವೇ ಬಂದರು ಎಂಬ ವಿವರಣೆ ಈ ಕೊಲ್ಲಿಗೆ ಒಪ್ಪುವಷ್ಟು ಬೇರೆ ಯಾವ ಕರಾವಳಿಗೂ ಒಪ್ಪಲಾರದು.

ಖಂಭಾತ ಕೊಲ್ಲಿಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಗ್ರೀಕ್, ಅರಬ್ ಮತ್ತು ಯೂರೋಪಿನ ಪ್ರವಾಸಿಗಳ ಬರೆಹಗಳನ್ನು ಅವಲಂಬಿಸಿದ್ದಾರೆ. ಅವುಗಳ ಬೆಲೆ ದೊಡ್ಡದು; ಆದರೆ ಅವೆಲ್ಲವೂ ಹಡಗಿನಿಂದ ಇಳಿದು ಬಂದವರು ಕಂಡ ಚಿತ್ರಗಳು. ಆ ಪಟ್ಟಣಗಳ ಒಳಗಿನಿಂದಲೇ ಹುಟ್ಟಿದ ಸಾಕ್ಷ್ಯವು ಗ್ರಂಥಭಂಡಾರಗಳಲ್ಲಿದೆ. ಅಲ್ಲಿ ಪುಷ್ಪಿಕೆಯಷ್ಟೇ ಅಲ್ಲ, ಅದನ್ನು ಬರೆದ ಗರಿಯೂ ಸಾಕ್ಷಿಯೆನಿಸುತ್ತದೆ.

ಸಾಬರಮತಿ, ಮಹೀ, ನರ್ಮದಾ, ತಾಪೀ ನದಿಗಳು ಸೇರುವ ಈ ಕೊಲ್ಲಿ ಒಳಹೋದಂತೆ ಕಿರಿದಾಗುತ್ತದೆ. ಅದರಿಂದಾಗಿ ಕಡಲ ನೀರು ಒತ್ತಡಕ್ಕೆ ಸಿಕ್ಕಿ, ಭಾವನಗರದ ಬಳಿ ಹುಣ್ಣಿಮೆ ಅಮಾವಾಸ್ಯೆಗಳ ಉಬ್ಬರವು ಸುಮಾರು 10 ಮೀಟರಿಗೆ ಏರುತ್ತದೆ. ಕ್ರಿ. ಶ. ಒಂದನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ನಾವಿಕಗ್ರಂಥವು ಬರಿಗಾಜದ, ಎಂದರೆ ಭೃಗುಕಚ್ಛದ (ಇಂದಿನ ಭರೂಚ್), ದಾರಿಯ ಅಪಾಯವನ್ನು ವಿವರವಾಗಿ ಹೇಳಿದೆ. ರಾಜನ ಸೇವೆಯಲ್ಲಿದ್ದ ಬೆಸ್ತರು ದೊಡ್ಡ ದೋಣಿಗಳಲ್ಲಿ ಸೌರಾಷ್ಟ್ರದ ತೀರದವರೆಗೂ ಎದುರುಹೋಗಿ, ಹೊರನಾಡ ಹಡಗುಗಳನ್ನು ಉಬ್ಬರದೊಡನೆ ಸಾಗಿಸಿ, ಇಳಿತದ ವೇಳೆಗೆ ಆಳವಾದ ಮಡುಗಳಲ್ಲಿ ನಿಲ್ಲಿಸುತ್ತಿದ್ದರಂತೆ. ದಕ್ಷಿಣಾಪಥದ ಪೈಠಣ, ತೇರ್ ನಗರಗಳ ಸರಕು ಬಂಡಿಗಳಲ್ಲಿ ಬಂದು ಸೇರುತ್ತಿದ್ದುದೂ ಈ ಬಂದರಿಗೇ. ಕೊಲ್ಲಿಯ ನೌಕಾಚರಿತ್ರೆ ಇದಕ್ಕಿಂತ ಎಷ್ಟೋ ಹಳೆಯದು. ಶಿಕಾರಿಪುರ ರಂಗನಾಥರಾಯರು 1954ರಲ್ಲಿ ಗುರುತಿಸಿ ಮುಂದೆ ಉತ್ಖನನ ಮಾಡಿದ ಲೋಥಲ್ ಕೊಲ್ಲಿಯ ತಲೆಯ ಕಡೆಗೇ ಇದೆ. ಅಲ್ಲಿಯ ಇಟ್ಟಿಗೆಯ ಕಟ್ಟಡ ಹಡಗುಕಟ್ಟೆಯೇ ಕೆರೆಯೇ ಎಂಬ ಚರ್ಚೆ ಮುಂದೆ ನಡೆದಿದ್ದರೂ, ಊರಿನ ಸಮುದ್ರವ್ಯಾಪಾರವನ್ನು ಅಲ್ಲಗಳೆಯುವಂತಿಲ್ಲ.

ಹಿಜರಿ 303ರಲ್ಲಿ (ಕ್ರಿ. ಶ. 915–16) ಖಂಭಾತವನ್ನು ಕಂಡ ಅಲ್ ಮಸೂದಿ ಈ ಉಬ್ಬರದ ರಭಸವನ್ನು ಒಂದು ನಾಯಿಯ ಕಥೆಯಿಂದ ತಿಳಿಸುತ್ತಾನೆ. ಇಳಿತದಲ್ಲಿ ಬರಿದಾದ ಮರಳಿನ ಮೇಲೆ ಮಲಗಿದ್ದ ನಾಯಿಯು ಬೆಟ್ಟದಂತೆ ಏರಿಬಂದ ನೀರನ್ನು ಕಂಡು ದಡಕ್ಕೆ ಓಡಿತು. ನೀರು ಅದಕ್ಕಿಂತ ಮೊದಲೇ ಬಂದು ಅದನ್ನು ಮುಳುಗಿಸಿತು. ಆ ಊರಿನ ಪಾದರಕ್ಷೆಗಳು ಪ್ರಸಿದ್ಧವೆಂದೂ ಅವನು ಹೇಳುತ್ತಾನೆ. ಕನ್ನಡಿಗರಿಗೆ ಇನ್ನೂ ಕುತೂಹಲಕರವಾದುದು ಅವನ ಮತ್ತೊಂದು ಮಾತು: ಆಗ ಖಂಭಾತವನ್ನು ಆಳುತ್ತಿದ್ದವನು ಮಾನ್ಕೀರದ ಬಲ್ಹರಾನ ಪ್ರತಿನಿಧಿ. ಮಾನ್ಕೀರವೆಂದರೆ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಬಲ್ಹರಾ ಎಂದರೆ ವಲ್ಲಭರಾಜ, ರಾಷ್ಟ್ರಕೂಟ ಚಕ್ರವರ್ತಿ. ಶಾಸನಗಳು ಇದನ್ನು ಸಮರ್ಥಿಸುತ್ತವೆ. ನಾಲ್ಕನೆಯ ಗೋವಿಂದನ ಶಕ 852ರ ತಾಮ್ರಪಟಗಳು ದೊರೆತದ್ದು ಖಂಭಾತದಲ್ಲಿಯೇ. ಅದಕ್ಕೂ ಹಿಂದೆ, ಲಾಟದ ರಾಷ್ಟ್ರಕೂಟ ಶಾಖೆಯ ಕರ್ಕ ಸುವರ್ಣವರ್ಷನು ಶಕ 743ರಲ್ಲಿ (ಕ್ರಿ. ಶ. 821) ನಾಗಸಾರಿಕೆಯ, ಎಂದರೆ ನವಸಾರಿಯ, ಜೈನ ಸಂಸ್ಥೆಗೆ ಭೂಮಿಯನ್ನು ದತ್ತಿಯಾಗಿ ಕೊಟ್ಟನು. ಸೂರತ್ ತಾಮ್ರಪಟಗಳೆಂದು ಹೆಸರಾದ ಆ ದಾನಪತ್ರದಲ್ಲಿ ಮೂಲಸಂಘದ ಸೇನಸಂಘದ ಗುರುಪರಂಪರೆ ಉಕ್ತವಾಗಿದೆ. ಶ್ವೇತಾಂಬರರ ನೆಲೆಯೆಂದೇ ಪ್ರಸಿದ್ಧವಾದ ಈ ತೀರದಲ್ಲಿ ದಕ್ಷಿಣದ ದಿಗಂಬರ ಸಂಘಗಳೂ ನೆಲಸಿದ್ದವೆಂಬುದು ಇದರಿಂದ ವಿದಿತವಾಗುತ್ತದೆ.

ಚೌಲುಕ್ಯರ ಕಾಲದಲ್ಲಿ ಭರೂಚ್ ಮತ್ತು ಖಂಭಾತಗಳೆರಡೂ ಅಣಹಿಲಪಾಟಣದ ರಾಜ್ಯಕ್ಕೆ ಸಮುದ್ರದ್ವಾರಗಳಾದವು. ಹೇಮಚಂದ್ರಾಚಾರ್ಯರು ಬಾಲ್ಯದಲ್ಲಿ ದೀಕ್ಷೆ ಪಡೆದದ್ದು ಸ್ತಂಭತೀರ್ಥದಲ್ಲಿ. ಅದಕ್ಕೆ ನೆರವಾದವನು ಉದಯನನೆಂದು ಪ್ರಬಂಧಗಳು ಹೇಳುತ್ತವೆ. ಉದಯನನ ಮಗ ಆಮ್ರಭಟನು ಭರೂಚಿನ ಶಕುನಿಕಾವಿಹಾರವನ್ನು ಕಲ್ಲಿನಲ್ಲಿ ಮತ್ತೆ ಕಟ್ಟಿಸಿದನು. ಅದೇ ಖಂಭಾತಕ್ಕೆ ಬಂದಿದ್ದ ಪರ್ಷಿಯನ್ ಲೇಖಕ ಔಫಿ ಮತ್ತೊಂದು ಸಂಗತಿಯನ್ನು ದಾಖಲಿಸಿದ್ದಾನೆ: ಅಲ್ಲಿಯ ಮಸೀದಿಯು ಗಲಭೆಯಲ್ಲಿ ನಾಶವಾದಾಗ ರಾಜ ಜಯಸಿಂಹನು ವೇಷ ಮರೆಸಿಕೊಂಡು ಬಂದು ನಿಜವನ್ನು ವಿಚಾರಿಸಿ, ತಪ್ಪಿತಸ್ಥರನ್ನು ದಂಡಿಸಿ, ಪುನರ್ನಿರ್ಮಾಣಕ್ಕೆ ಹಣ ಕೊಡಿಸಿದನು. ಕಥೆಯ ವಿವರಗಳು ಹೇಗಾದರೂ ಇರಲಿ, ಬಂದರಿನ ಶಾಂತಿಯೇ ಸುಂಕದ ಮೂಲವೆಂಬುದನ್ನು ಅಣಹಿಲಪಾಟಣದ ಅರಸರು ಚೆನ್ನಾಗಿ ಬಲ್ಲವರಾಗಿದ್ದರು. ವಸ್ತುಪಾಲನು 1219–20ರ ಸುಮಾರಿಗೆ ಅಧಿಕಾರ ವಹಿಸಿಕೊಂಡಾಗ ಅವನಿಗೆ ಎದುರಾದದ್ದು ಬಂದರಿನ ಪ್ರಬಲ ವರ್ತಕ ಸಯ್ಯದನೂ ಅವನ ಪಕ್ಷಕ್ಕೆ ನಿಂತ ಲಾಟದ ಶಂಖನೂ. ಆ ಹೋರಾಟದಲ್ಲಿ ಗೆದ್ದವನೇ ಮುಂದೆ ಕಾವ್ಯದ ಪ್ರತಿಯ ಮೇಲೆ ತನ್ನನ್ನು ವೇಲಾಕೂಲದ ಪಾಲಕನೆಂದು ಗುರುತಿಸಿಕೊಂಡನು.

ಇನ್ನು ಗರಿಯ ವಿಚಾರ. ಗುಜರಾತಿನ ಬಯಲಲ್ಲಿ ಸಾಮಾನ್ಯವಾಗಿ ಬೆಳೆಯುವುದು ಖರತಾಳ, ಎಂದರೆ ಒರಟು ಗರಿಯ ತಾಳೆ. ಅದು ಬೇಗ ಸೀಳುತ್ತದೆ. ಭಂಡಾರಗಳ ಉದ್ದವಾದ ನಯವಾದ ಪ್ರತಿಗಳೆಲ್ಲ ಶ್ರೀತಾಳೆಯವು. ಶ್ರೀತಾಳೆಗೆ ಮಳೆ ಹೆಚ್ಚಿರುವ ಪಡುವಣ ಕರಾವಳಿಯೇ ನೆಲೆ: ಮಲೆಯಾಳ, ತುಳುನಾಡು, ಕನ್ನಡ ಕರಾವಳಿ. ಹೇಮಚಂದ್ರಾಚಾರ್ಯರ ಗ್ರಂಥಗಳನ್ನು ಪ್ರತಿ ಮಾಡುತ್ತಿದ್ದವರಿಗೆ ಓಲೆ ಸಾಲದೆ ಹೋದಾಗ, ಕುಮಾರಪಾಲನು ಉಪವಾಸವ್ರತ ಹಿಡಿಯಲು, ತೋಟದ ಖರತಾಳಗಳು ಶ್ರೀತಾಳಗಳಾದವೆಂಬ ಕಥೆ ಪ್ರಬಂಧಗಳಲ್ಲಿದೆ. ಪವಾಡವನ್ನು ಬದಿಗಿಟ್ಟರೂ ಕಥೆಯೊಳಗಿನ ಕೊರತೆ ನಿಜವಾದುದು. ಹೊರಗಿನಿಂದ ಬರಬೇಕಾದ ಸರಕು ಬಾರದಿದ್ದರೆ ರಾಜನ ಲೇಖನಶಾಲೆಯೂ ನಿಲ್ಲುತ್ತಿತ್ತು. 1127ರ ಚಿತ್ರಸಹಿತ ಜ್ಞಾತಾಸೂತ್ರದ ಪ್ರತಿಯೂ ವಸ್ತುಪಾಲನ ಪ್ರತಿಯೂ ಹೀಗೆ ಕಡಲವ್ಯಾಪಾರದ ಫಲಗಳೇ. ಬರೆಯುವ ಕ್ರಮ ಮಾತ್ರ ಸ್ಥಳೀಯವಾದುದು. ದಕ್ಷಿಣದಲ್ಲಿ ಸಾಮಾನ್ಯವಾಗಿ ಕಂಟದಿಂದ ಕೊರೆದು ಮಸಿ ತುಂಬಿದರೆ, ಗುಜರಾತಿನಲ್ಲಿ ಲೇಖನಿಯನ್ನು ಮಸಿಯಲ್ಲಿ ಅದ್ದಿ ಬರೆದರು.

ಆ ಗರಿಗಳು ಸಾಗಿಬಂದಿರಬಹುದಾದ ದಾರಿಯನ್ನು 1342ರಲ್ಲಿ ಇಬ್ನ್ ಬತೂತಾ ಎದುರುದಿಕ್ಕಿನಲ್ಲಿ ಕ್ರಮಿಸಿದನು. ಅವನು ಖಂಭಾತದಿಂದ ಕಾವಿ, ಗಂಧಾರಗಳಿಗೆ ಬಂದು ಹಡಗನ್ನೇರಿ, ಘೋಘಾವನ್ನು ಹಾದು, ಗೋವೆಯ ಮೂಲಕ ಹೊನ್ನಾವರವನ್ನು ಮುಟ್ಟಿದನು. ಹೊನ್ನಾವರದಲ್ಲಿ ಬಾಲಕರಿಗೆ 23, ಬಾಲಕಿಯರಿಗೆ 13 ಪಾಠಶಾಲೆಗಳಿದ್ದವೆಂದು ಬರೆದಿದ್ದಾನೆ. ಅವನು ಕಂಡ ಖಂಭಾತವಾದರೋ ಆಗಲೇ ದಿಲ್ಲಿಯ ಅಧೀನದಲ್ಲಿತ್ತು. 1299ರಲ್ಲಿ ಅಲ್ಲಾವುದ್ದೀನನ ಸೇನೆ ಅದನ್ನು ಸೂರೆಗೊಂಡಾಗ ಅಲ್ಲಿಯ ವರ್ತಕನೊಬ್ಬನಿಂದ ಕಿತ್ತುಕೊಂಡ ದಾಸನೇ ಮಲಿಕ್ ಕಾಫೂರ್. ಹನ್ನೆರಡು ವರ್ಷಗಳೊಳಗೆ ಅವನು ದೋರಸಮುದ್ರದ ಬಾಗಿಲಿಗೆ ದಂಡೆತ್ತಿ ಬಂದನು.

ಸೂರೆಯಿಂದ ಪಟ್ಟಣ ಚೇತರಿಸಿಕೊಂಡಿತು. 15ನೆಯ ಶತಮಾನದಲ್ಲಿ ಜಿನಭದ್ರಸೂರಿಗಳ ಪ್ರೇರಣೆಯಿಂದ ಇಲ್ಲಿಯ ಶ್ರೇಷ್ಠಿಗಳು ಬರೆಸಿದ ಓಲೆಪ್ರತಿಗಳು ಜೈಸಲ್ಮೇರದ ಭಂಡಾರವನ್ನು ಸೇರಿದವು. 16ನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸರ ತೊಮೆ ಪಿರೆಶ್, ಖಂಭಾತವು ಒಂದು ತೋಳನ್ನು ಏಡನ್ನಿಗೂ ಇನ್ನೊಂದನ್ನು ಮಲಕ್ಕಾಕ್ಕೂ ಚಾಚಿದೆಯೆಂಬ ಭಾವದ ಮಾತನ್ನಾಡಿದನು. 1583ರಲ್ಲಿ ಇಂಗ್ಲೆಂಡಿನ ರಾಣಿ ಎಲಿಜಬೆತ್ ಅಕ್ಬರನಿಗೆ ಬರೆದ ಪತ್ರದಲ್ಲಿ ಅವನನ್ನು ಸಂಬೋಧಿಸಿದ್ದು ಖಂಭಾತದ ದೊರೆಯೆಂದು!

ಪಟ್ಟಣವನ್ನು ಸೋಲಿಸಿದ್ದು ಸೇನೆಯಲ್ಲ, ಮಣ್ಣು. ಮಹೀ, ಸಾಬರಮತಿಗಳು ತಂದ ಹೂಳನ್ನು ಉಬ್ಬರವು ಹಿಂದಕ್ಕೆ ತಳ್ಳಿ ಕೊಲ್ಲಿಯ ತಲೆಯಲ್ಲಿ ಗುಡ್ಡೆಹಾಕಿತು. 1617ರಲ್ಲಿ ಜಹಾಂಗೀರನು ಬಂದಾಗ ದೊಡ್ಡ ಹಡಗುಗಳು ಘೋಘಾದಲ್ಲಿಯೇ ಲಂಗರು ಹಾಕಿ, ಸರಕು ಚಿಕ್ಕ ನೌಕೆಗಳಲ್ಲಿ ಖಂಭಾತಕ್ಕೆ ಬರುತ್ತಿತ್ತೆಂದು ಅವನ ಆತ್ಮಚರಿತ್ರೆಯಲ್ಲಿದೆ. ಅಷ್ಟರಲ್ಲಿ ತಾಪೀ ತೀರದ ಸೂರತ್ ಮೇಲೆದ್ದಿತ್ತು. 1613ರಲ್ಲಿ ಇಂಗ್ಲಿಷರ ಕೋಠಿ ಅಲ್ಲಿ ಸ್ಥಾಪಿತವಾಯಿತು. 1723ರಲ್ಲಿ ಹುಟ್ಟಿದ ಭಾವನಗರವು ಘೋಘಾದ ಪಾಲನ್ನೂ ಸೆಳೆದುಕೊಂಡಿತು. ಇಷ್ಟಾದರೂ 1628ರಲ್ಲಿ ‘ಹೀರವಿಜಯಸೂರಿ ರಾಸ’ವನ್ನು ರಚಿಸಿದ ಶ್ರಾವಕಕವಿ ಋಷಭದಾಸನಿಗೆ ತನ್ನ ಊರು ಇನ್ನೂ ವೈಭವದ ತ್ರಂಬಾವತಿಯೇ. ರತನಪುರದ ಗುಡ್ಡಗಳಿಂದ ಅಕೀಕ ಶಿಲೆಯನ್ನು ತರಿಸಿ ಮಣಿ ಕೊರೆಯುವ ಕಸುಬು ಬಂದರು ಮುಚ್ಚಿದ ಮೇಲೂ ಖಂಭಾತದಲ್ಲಿ ನಿಲ್ಲಲಿಲ್ಲ. ಉಬ್ಬರವೂ ಕೆಲಸವಿಲ್ಲದೆ ಕುಳಿತಿಲ್ಲ. 1983ರಿಂದ ಅಲಂಗದ ದಡದಲ್ಲಿ ಹಳೆಯ ಹಡಗುಗಳನ್ನು ಒಡೆಯಲು ಮೇಲಕ್ಕೆ ಏರಿಸುವುದು ಅದೇ ನೀರಿನ ಬಲದಿಂದ.

ಹೂಳಿನಿಂದ ಊರು ಬಡವಾದರೂ ಭಂಡಾರ ಉಳಿಯಿತು. 1882–83ರಲ್ಲಿ ಪೀಟರ್ಸನ್ ಈ ಓಲೆಗಳನ್ನು ಪರಿಶೀಲಿಸಿ ವರದಿ ಮಾಡಿದನು. ಮುನಿ ಪುಣ್ಯವಿಜಯರು ಸಿದ್ಧಪಡಿಸಿದ ವಿವರಣಾತ್ಮಕ ಸೂಚಿಯು ಗಾಯಕವಾಡ ಪ್ರಾಚ್ಯಗ್ರಂಥಮಾಲೆಯಲ್ಲಿ 1961 ಮತ್ತು 1966ರಲ್ಲಿ ಎರಡು ಭಾಗಗಳಾಗಿ ಪ್ರಕಟವಾಯಿತು. ಸೂಚಿಗಳಲ್ಲಿ ಗ್ರಂಥದ ಹೆಸರು, ಕರ್ತೃಗಳನ್ನು ಹುಡುಕುವವರು ಗರಿಯ ಅಳತೆಯನ್ನು ದಾಟಿಹೋಗುವುದು ವಾಡಿಕೆ. ಮೂಡುಬಿದಿರೆಯ ಸಿದ್ಧಾಂತಗ್ರಂಥಗಳೂ ಶ್ರೀತಾಳೆಯವೇ. ಆ ಕಡೆಯ ಭಂಡಾರಗಳಿಗೆ ಕೆ. ಭುಜಬಲಿ ಶಾಸ್ತ್ರಿಗಳ ತಾಡಪತ್ರೀಯ ಗ್ರಂಥಸೂಚಿ 1948ರಿಂದಲೂ ಇದೆ. ಎರಡು ತೀರಗಳ ಗರಿಗಳ ಉದ್ದ, ಅಗಲ, ದಾರದ ರಂಧ್ರಗಳ ಅಂತರ, ನಾರಿನ ಲಕ್ಷಣಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಕೆಲಸಕ್ಕೆ ಸಾಮಗ್ರಿ ಸಿದ್ಧವಾಗಿದೆ.