ಬೆಂಗಳೂರಿನ ಹೊರವಲಯದಲ್ಲಿ ಮಕ್ಕಳ ಟಿವಿ ಮತ್ತು ನೀತಿ

ಜಾಲಹಳ್ಳಿ-ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಭಾಗಗಳಲ್ಲಿ 1980ರ ದಶಕದಿಂದೀಚೆಗೆ ಬೆಳೆದ ಮಕ್ಕಳ ಸರಿ-ತಪ್ಪಿನ ತಿಳಿವಳಿಕೆಯಲ್ಲಿ ಟಿವಿ ವಹಿಸಿದ ಪಾತ್ರದ ಚರಿತ್ರೆ ಇದು. ಅಜ್ಜಿಯ ಕಥೆ, ಹರಿಕಥೆ, ‘ಚಂದಮಾಮ’ ಮಾಡುತ್ತಿದ್ದ ಕೆಲಸದ ಒಂದು ಪಾಲು ಈ ಅವಧಿಯಲ್ಲಿ ಟಿವಿಯ ಕೈಸೇರಿತು. ಇಲ್ಲಿಯ ಮಕ್ಕಳಿಗೆ ಟಿವಿಯ ಕಥೆಗಳು ಬಹುಕಾಲ ಬಂದದ್ದು ಮನೆಮಾತಲ್ಲದ ಭಾಷೆಯಲ್ಲಿ. ಹಾಗಾಗಿ ಬಿಡಿಸಿ ಹೇಳುವ ಹಿರಿಯರೊಬ್ಬರು ಪಕ್ಕದಲ್ಲಿ ಕೂತಿರಬೇಕಾಗುತ್ತಿತ್ತು. ಯಾವ ಕಾರ್ಯಕ್ರಮ ಎಷ್ಟು ಪ್ರಭಾವ ಬೀರಿತು ಎಂದು ಕೇಳುವ ಮೊದಲು ಆ ಹಿರಿಯರು ಯಾವಾಗ ಇದ್ದರು, ಯಾವಾಗ ಎದ್ದುಹೋದರು ಎಂದು ನೋಡಬೇಕು.

ಈ ಸೀಮೆಯವರು ಟಿವಿ ನೋಡುವ ಮೊದಲೇ ಅದರ ಬಿಡಿಭಾಗಗಳನ್ನು ತಯಾರಿಸುತ್ತಿದ್ದರು. ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ 1970ರಲ್ಲಿ ಕಪ್ಪು-ಬಿಳುಪು ಟಿವಿಯ ಪಿಕ್ಚರ್ ಟ್ಯೂಬನ್ನೂ 1972ರಲ್ಲಿ ದೂರದರ್ಶನಕ್ಕೆ ಬೇಕಾದ ಟ್ರಾನ್ಸ್‌ಮಿಟರನ್ನೂ ಮಾಡಿತು. ಆದರೂ ರಾಜ್ಯದಲ್ಲಿ ಟಿವಿ ಮೊದಲು ಕಂಡದ್ದು ಬೆಂಗಳೂರಿನಲ್ಲಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಇಸ್ರೊ ಮತ್ತು ನಾಸಾ ನಡೆಸಿದ ‘ಸೈಟ್’ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ಬೆಳಗಿನ ಹೊತ್ತು 5ರಿಂದ 12 ವರ್ಷದ ಮಕ್ಕಳಿಗೆಂದೇ ಕನ್ನಡದಲ್ಲಿ ಪಾಠ ಬರುತ್ತಿತ್ತು. ಪ್ರಯೋಗದ ನಂತರದ ಅಧ್ಯಯನಗಳಲ್ಲಿ ಶಾಲೆಯ ಅಂಕಗಳು ಹೆಚ್ಚಿದ್ದು ಕಾಣಲಿಲ್ಲ. ಮಕ್ಕಳ ಮಾತು ಬೆಳೆದಿತ್ತು. ತರಗತಿಯ ಆಚೆಯಿಂದಲೂ ತಿಳಿಯುವ ಆಸೆ ಹುಟ್ಟಿತ್ತು. ಇದೇ ಜಿಲ್ಲೆಗಳಿಂದ ಮುಂದೆ ಎಷ್ಟೋ ಕುಟುಂಬಗಳು ಪೀಣ್ಯದ ಕೆಲಸಕ್ಕೆ ವಲಸೆ ಬಂದವು.

1981ರ ನವೆಂಬರ್ 1ರಂದು ಬೆಂಗಳೂರಿನಲ್ಲಿ ಪ್ರಸಾರ ಆರಂಭವಾದಾಗ ಪೀಣ್ಯ ಬೆಳೆಯುತ್ತಿದ್ದ ಕೈಗಾರಿಕಾ ವಸಾಹತು. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿಯ ಸುತ್ತ ಇನ್ನೂ ರಾಗಿ ಹೊಲಗಳಿದ್ದವು. ವಠಾರದಲ್ಲಿ ಒಬ್ಬರ ಮನೆಗೆ ಟಿವಿ ಬಂದರೆ ಅದು ಬೀದಿಯ ಟಿವಿ. ಮಕ್ಕಳು ನೆಲದ ಮೇಲೆ, ಹೆಂಗಸರು ಹೊಸ್ತಿಲಲ್ಲಿ, ಗಂಡಸರು ಕಿಟಕಿಯ ಆಚೆ. ಭಾನುವಾರದ ‘ರಾಮಾಯಣ’ (1987-88), ಆಮೇಲಿನ ‘ಮಹಾಭಾರತ’ (1988-90) ಎರಡೂ ಹಿಂದಿಯವು. ಕಥೆ ಎಲ್ಲರಿಗೂ ಗೊತ್ತು, ಮಾತು ಕೆಲವರಿಗಷ್ಟೇ ಗೊತ್ತು. ಗೊತ್ತಿದ್ದವರು ಹೇಳಿದ ಅರ್ಥವೇ ಮಕ್ಕಳ ಪಾಲಿನ ಅರ್ಥ.

ಆ ಅರ್ಥ ಪರದೆಯ ಮೇಲಿನದ್ದೇ ಆಗಿರುತ್ತಿತ್ತು ಎಂದೇನಿಲ್ಲ. ನೆಲಮಂಗಲ, ಆನೇಕಲ್, ಹೊಸಕೋಟೆ ಕಡೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಆಡುವ ರೂಢಿ ಇವತ್ತಿಗೂ ಇದೆ. ಅಲ್ಲಿ ಪಾತ್ರ ಮಾಡುವವರೇ ಹಣ ಕೊಡಬೇಕು, ದುರ್ಯೋಧನನ ಪಾತ್ರಕ್ಕೆ ಹೆಚ್ಚು ಕೊಡಬೇಕು. ಛಲದಂಕಮಲ್ಲನನ್ನು ಮೆಚ್ಚಿದ ಊರಿನ ಅಜ್ಜ ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ದ ದುರ್ಯೋಧನನನ್ನು ಬರೀ ಖಳನೆಂದು ಮೊಮ್ಮಗನಿಗೆ ಹೇಳಿಕೊಡುವುದು ಕಷ್ಟ. ಈ ಧಾರಾವಾಹಿಗಳು ಇಡೀ ದೇಶಕ್ಕೆ ಒಂದೇ ರಾಮ, ಒಂದೇ ಕೃಷ್ಣನನ್ನು ಕೊಟ್ಟವು ಎಂಬ ಟೀಕೆಯಲ್ಲಿ ಹುರುಳಿದೆ. ದುರ್ಯೋಧನನ ವಿಷಯದಲ್ಲಿ ಮಾತ್ರ ಬೆಂಗಳೂರಿನ ಹೊರವಲಯ ಆ ಏಕರೂಪಕ್ಕೆ ಪೂರ್ತಿ ಸಿಕ್ಕಿಬೀಳಲಿಲ್ಲ.

ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ನ (1986) ದಾರಿಯೇ ಬೇರೆ. ಮಾಸ್ಟರ್ ಮಂಜುನಾಥ್ ಅಭಿನಯಿಸಿದ ಸ್ವಾಮಿ ಸುಳ್ಳು ಹೇಳುತ್ತಾನೆ, ಶಾಲೆ ತಪ್ಪಿಸುತ್ತಾನೆ, ಹೆದರಿ ಊರು ಬಿಟ್ಟು ಓಡುತ್ತಾನೆ. ಕೊನೆಗೆ ಬಂದು ನೀತಿ ಹೇಳುವವರು ಯಾರೂ ಇಲ್ಲ. ಗಿರೀಶ್ ಕಾರ್ನಾಡರು ಮಾಡಿದ ಅಪ್ಪನ ಮುಖದಲ್ಲಿ ಸಿಟ್ಟಿನ ಹಿಂದೆ ಕಾಣುವ ಕಳವಳವೇ ಸಾಕು. ತಪ್ಪು ಮಾಡಿದ ಹುಡುಗನನ್ನು ಕೆಟ್ಟವನೆನ್ನದೆ ನೋಡಲು ಕಲಿಸಿದ ಈ ಧಾರಾವಾಹಿ ಆ ದಶಕದ ಮಕ್ಕಳ ಟಿವಿಯಲ್ಲೇ ಅತ್ಯುತ್ತಮವಾದದ್ದು. ಕನ್ನಡ ನೆಲದಲ್ಲಿ, ಕನ್ನಡದ ನಟರೇ ಹೆಚ್ಚಾಗಿ ಮಾಡಿದ್ದರೂ ಅದು ಮಾತಾಡಿದ್ದು ಹಿಂದಿ ಮತ್ತು ಇಂಗ್ಲಿಷ್.

1997ರಲ್ಲಿ ಬಂದ ಸೂಪರ್‌ಹೀರೋ ಧಾರಾವಾಹಿ ‘ಶಕ್ತಿಮಾನ್’ ನೀತಿಯನ್ನು ಬಾಯಿಬಿಟ್ಟೇ ಹೇಳಿತು. ಕಥೆ ಮುಗಿದ ಮೇಲೆ ಸುಳ್ಳು, ಸೋಮಾರಿತನ, ಕೊಳಕಿನ ಬಗ್ಗೆ ಒಂದೊಂದು ಪಾಠ. ತಪ್ಪು ಮಾಡಿದ ಮಗು ‘ಸಾರಿ ಶಕ್ತಿಮಾನ್’ ಎನ್ನಬೇಕು. ಶಕ್ತಿಮಾನನನ್ನು ಅನುಕರಿಸಲು ಹೋಗಿ ಮಕ್ಕಳು ಗಾಯಗೊಂಡ ಸುದ್ದಿಗಳು ಬಂದಾಗ, ಆ ಪಾತ್ರ ಮಾಡಿದ ಮುಕೇಶ್ ಖನ್ನಾ ಅದೇ ವೇಷದಲ್ಲಿ ಪರದೆಯ ಮೇಲೆ ಬಂದು ಹಾಗೆ ಮಾಡಬೇಡಿ ಎಂದು ಹೇಳಬೇಕಾಯಿತು. ಆ ಹೊತ್ತಿಗೆ ಬಹಳಷ್ಟು ಮನೆಗಳಿಗೆ ಟಿವಿ ಬಂದಿತ್ತು, ವಠಾರದ ಕೂಟ ಚದುರಿತ್ತು, ಎಷ್ಟೋ ಮನೆಗಳಲ್ಲಿ ಅಪ್ಪ-ಅಮ್ಮ ಇಬ್ಬರೂ ಪಾಳಿ ಕೆಲಸದಲ್ಲಿದ್ದರು.

ಭಾಷೆಯ ಕಗ್ಗಂಟಿಗೆ ಇನ್ನೊಂದು ಕಾರಣವಿತ್ತು. ಬೇರೆ ಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದನ್ನು ತಡೆದ 1960ರ ದಶಕದ ಚಳವಳಿ ಕನ್ನಡ ಚಿತ್ರರಂಗಕ್ಕೆ ಬೆನ್ನೆಲುಬಾಯಿತು. ಟಿವಿಗೂ ಹಬ್ಬಿದ ಆ ತಡೆಯ ಬೆಲೆಯನ್ನು ತೆತ್ತವರಲ್ಲಿ ಮಕ್ಕಳೂ ಸೇರಿದ್ದರು ಎಂಬುದನ್ನು ಬಹುಕಾಲ ಹೆಚ್ಚು ಮಂದಿ ಲೆಕ್ಕಕ್ಕಿಡಲಿಲ್ಲ. 1995ರಲ್ಲಿ ಭಾರತಕ್ಕೆ ಬಂದ ಕಾರ್ಟೂನ್ ನೆಟ್‌ವರ್ಕ್ ಮುಂದೆ ತಮಿಳು, ತೆಲುಗು ಮಾತಾಡಿದರೂ ಕನ್ನಡ ಬಹುಕಾಲ ಮಾತಾಡಲಿಲ್ಲ. 2012ರಲ್ಲಿ ಆಮಿರ್ ಖಾನ್‌ರ ‘ಸತ್ಯಮೇವ ಜಯತೇ’ಯೂ ಕನ್ನಡಕ್ಕೆ ಡಬ್ ಆಗಲಿಲ್ಲ. ಮಕ್ಕಳ ಮಟ್ಟಿಗೆ ಮಾತ್ರ ಅದಕ್ಕೂ ಮೊದಲೇ, ಸನ್ ಸಮೂಹದ ಚಿಂಟು ಟಿವಿ 2009ರಲ್ಲಿ ಕನ್ನಡದ ಮೊದಲ ಮಕ್ಕಳ ವಾಹಿನಿಯಾಗಿ ಬಂದಾಗ, ಕಾರ್ಟೂನನ್ನು ತನ್ನ ಮಾತಿನಲ್ಲಿ ಕೇಳುವ ಭಾಗ್ಯ ಮಗುವಿಗೆ ದಕ್ಕಿತು. ಅರ್ಥ ಹೇಳುವ ಹಿರಿಯರ ಅಗತ್ಯವೂ ಅಲ್ಲಿಗೆ ಮುಗಿಯಿತು.

ಮಕ್ಕಳಿಗೆಂದೇ ಮಾಡದ ಒಂದು ಕನ್ನಡ ಕಾರ್ಯಕ್ರಮವನ್ನು ಇಲ್ಲಿ ಹೆಸರಿಸಲೇಬೇಕು. ಚಂದನ ವಾಹಿನಿಯಲ್ಲಿ 2002ರ ಜನವರಿಯಲ್ಲಿ ಆರಂಭವಾದ, ಡಾ. ನಾ. ಸೋಮೇಶ್ವರ ನಡೆಸಿಕೊಡುವ ರಸಪ್ರಶ್ನೆ ‘ಥಟ್ ಅಂತ ಹೇಳಿ’ಯಲ್ಲಿ ಸರಿಯುತ್ತರಕ್ಕೆ ಸಿಗುವ ಬಹುಮಾನ ಪುಸ್ತಕ. ಉಳಿದ ವಾಹಿನಿಗಳು ಲಕ್ಷ, ಕೋಟಿ ಎನ್ನುತ್ತಿದ್ದ ಕಾಲದಲ್ಲಿ ಇದು ದೊಡ್ಡ ಮಾತು.

2020ರ ಲಾಕ್‌ಡೌನಿನಲ್ಲಿ ಡಬ್ ಆದ ಧಾರಾವಾಹಿಗಳು ಕನ್ನಡದ ಮನರಂಜನಾ ವಾಹಿನಿಗಳಿಗೂ ಬಂದವು. ಆ ಜುಲೈನಲ್ಲಿ ಜೀ ಕನ್ನಡದಲ್ಲಿ ಆರಂಭವಾದ ‘ಮಹಾನಾಯಕ’ ಅಂಬೇಡ್ಕರ್ ಅವರ ಬಾಲ್ಯದಿಂದ ಕಥೆ ಹೇಳಿತು. ತರಗತಿಯಲ್ಲಿ ಬೇರೆ ಕೂರಬೇಕಾದ, ನೀರಿನ ಮಡಕೆ ಮುಟ್ಟಬಾರದ ಹುಡುಗ ಭೀಮನೇ ಇದರ ನಾಯಕ. ರಾಜ್ಯದ ಊರೂರುಗಳಲ್ಲಿ ಜನರೇ ಹಣ ಹಾಕಿ ಈ ಧಾರಾವಾಹಿಯ ಫ್ಲೆಕ್ಸ್ ಕಟ್ಟಿದರು. ಪ್ರಸಾರ ನಿಲ್ಲಿಸುವಂತೆ ಬೆದರಿಕೆ ಕರೆ ಬಂದಿದೆ ಎಂದು ವಾಹಿನಿಯ ಮುಖ್ಯಸ್ಥ ರಾಘವೇಂದ್ರ ಹುಣಸೂರು ತಿಳಿಸಿದಾಗ ಬೆಂಬಲ ಇನ್ನೂ ಹೆಚ್ಚಿತು. ಚದುರಿಹೋಗಿದ್ದ ಕೂಟ ಮತ್ತೆ ಟಿವಿಯ ಮುಂದೆ ಸೇರಿದ್ದು ಈ ಧಾರಾವಾಹಿಗಾಗಿ. ಈ ಸಲ ಹಿರಿಯರು ಬಿಡಿಸಿ ಹೇಳಿದ್ದು ಮಾತಿನ ಅರ್ಥವನ್ನಲ್ಲ, ತಮ್ಮ ಊರಿನಲ್ಲೂ ಹೀಗೇ ಇತ್ತು ಎಂಬುದನ್ನು. ‘ರಾಮಾಯಣ’ ಬಂದ ಕಾಲದಲ್ಲಿ ಜಾತಿಯ ಪ್ರಶ್ನೆಯನ್ನು ಹೀಗೆ ನೇರವಾಗಿ ಮಕ್ಕಳ ಮುಂದಿಡುವ ಧಾರಾವಾಹಿ ವಿರಳವಾಗಿತ್ತು. ಇದು ಆ ಕೊರತೆ ತುಂಬಿತು.

ಈಗ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳಲ್ಲಿ ಮಕ್ಕಳು ಟ್ಯಾಬಿನಲ್ಲಿ ನೋಡುತ್ತಾರೆ, ಪೀಣ್ಯದ ಒಂದು ಕೋಣೆಯ ಮನೆಗಳಲ್ಲಿ ಅಪ್ಪನ ಫೋನಿನಲ್ಲಿ. ಮಕ್ಕಳ ಕಾರ್ಯಕ್ರಮಗಳಲ್ಲಿ ಕೆಟ್ಟ ಭಾಷೆ, ಹಿಂಸೆಯ ನೇರ ದೃಶ್ಯಗಳು ಇರಬಾರದೆಂದು 1994ರ ಕೇಬಲ್ ಟಿವಿ ನಿಯಮಗಳು ಹೇಳುತ್ತವೆ. 2021ರ ಐಟಿ ನಿಯಮಗಳ ಪ್ರಕಾರ ಒಟಿಟಿ ಸಂಸ್ಥೆಗಳು 13 ವರ್ಷ ಮೀರಿದವರಿಗೆಂದು ಗುರುತಿಸಿದ ಕಾರ್ಯಕ್ರಮಗಳಿಗೆ ಪಾಲಕರು ಹಾಕಬಹುದಾದ ಬೀಗ ಒದಗಿಸಬೇಕು. ರಾತ್ರಿ ಪಾಳಿಗೆ ಹೊರಟ ಪಾಲಕರಿಗೆ ಆ ಬೀಗ ಹಾಕುವ ವ್ಯವಧಾನವೂ ಇಲ್ಲ, ಜೊತೆಯಲ್ಲಿ ಕೂತು ನೋಡುವ ಸಮಯವೂ ಇಲ್ಲ.